ಹಸಿರು ಗುರುತು

ಬೆಳಿಗ್ಗೆ ಎದ್ದವನು ಮುಖ ತೊಳೆಯುವುದಕ್ಕೂ ಮೊದಲು ಹಳೆಯ ಪತ್ರಿಕೆಯೊಂದರ ಅಂಚಿನಲ್ಲಿ ತನ್ನ ಸಹಿ ಹಾಕಿ ನೋಡಿದ. ಮೊದಲನೆಯದು ಬಾಲ ಕಳಚಿದ ಹಲ್ಲಿಯ ಹಾಗೆ ಬಂತು. ಎರಡನೆಯದಕ್ಕೆ ಬಾಲ ಬಂತು, ತಲೆ ಬೇರೆ ಯಾರದೋ ಆಯಿತು. ಒಂದು ಕಾಲದಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ದಿನಕ್ಕೆ ಅರವತ್ತು ರಿಪೋರ್ಟಿಗೆ ಸಹಿ ಹಾಕುತ್ತಿದ್ದ ಕೈ ಇದು. ನಡುಬೆರಳಿನ ಪಕ್ಕದಲ್ಲಿ ಪೆನ್ನು ಒತ್ತಿ ಒತ್ತಿ ಒಂದು ಗಂಟು ಎದ್ದಿತ್ತು, ಅದನ್ನು ಅವನು ನಾಲ್ಕು ಜನರೆದುರು ಬೇಕೆಂದೇ ಸವರಿಕೊಳ್ಳುತ್ತಿದ್ದ. ಒಂಬತ್ತು ವರ್ಷದ ಹಿಂದೆ ಆಸ್ಪತ್ರೆ ಕಾಗದ ಬಿಟ್ಟಾಗ ಹೆಬ್ಬೆರಳಿನ ಗಾತ್ರದ ಟೋಕನ್ ಒಂದನ್ನು ಅವನ ಕೈಗಿಟ್ಟು, ಇನ್ನು ಮೇಲೆ ಇದೇ ನಿಮ್ಮ ಸಹಿ, ಇದನ್ನು ಕಂಪ್ಯೂಟರಿಗೆ ಚುಚ್ಚಿ ಆರಂಕಿಯ ಗುಟ್ಟಿನ ಸಂಖ್ಯೆ ಒತ್ತಿದರೆ ಸಾಕು, ರಿಪೋರ್ಟು ಸಹಿಯಾಗಿ ರೋಗಿಯ ಫೋನಿಗೂ ಅವರ ಡಾಕ್ಟರಿಗೂ ತಾನೇ ಹೋಗುತ್ತದೆ ಎಂದರು. ಬೆರಳಿನ ಗಂಟು ಕರಗಿತು. ಮಗಳ ಮದುವೆ ನೋಂದಣಿಯ ದಿನ ಬೀಗರೆಲ್ಲ ಸುತ್ತ ನಿಂತಿರುವಾಗ ಕಚೇರಿಯ ಗುಮಾಸ್ತೆ, "ಸರ್, ಮೇಲಿನ ಸಹಿ ಕೆಳಗಿನ ಸಹಿ ಒಬ್ಬರದ್ದೇನಾ?" ಎಂದು ಕೇಳಿದ್ದಳು. ಬೀಗರು ನಕ್ಕಿದ್ದರು, ಅವನೂ ನಕ್ಕಿದ್ದ. ಈಗ ಮೂರನೆಯ ಸಹಿ ಹಾಕುವಾಗ ಆ ನಗು ನೆನಪಾಗಿ ಕಿವಿ ಬಿಸಿಯಾಯಿತು.

"ಏನ್ರೀ ಇದು, ಬೆಳ್ಬೆಳಿಗ್ಗೆ ಒಂದನೇ ಕ್ಲಾಸಿನ ಹುಡುಗನ ಥರ ತಿದ್ದುತಾ ಕೂತಿದೀರಿ?" ಹೆಂಡತಿ ಕಾಫಿ ಲೋಟ ತಂದಿಟ್ಟಳು.

"ಹನ್ನೆರಡಕ್ಕೆ ವಿಚಾರಣೆ. ಇದು ನಿಮ್ಮ ಸಹಿನಾ ಅಂತ ಕೇಳ್ತಾರೆ."

"ಅಲ್ಲ ಅನ್ನಿ. ಒತ್ತಿದ್ದು ಯಾರು? ನಿಮ್ಮ ಟೈಪಮ್ಮ. ಆ ಹೊತ್ತಲ್ಲಿ ನೀವು ಅಲ್ಲಿರ್ಲೇ ಇಲ್ಲ. ಬೀದೀಲಿ ಹೋಗೋ ಮಾರೀನ ನೀವ್ಯಾಕ್ರೀ ಮನೆಗೆ ಕರೀತೀರಿ?"

"ಹದಿನಾರು ವರ್ಷ ನನ್ನ ಜೊತೆ ಕೆಲಸ ಮಾಡಿದಾಳೆ ಕಣೇ."

"ಮಾಡ್ಲಿ. ಈಗ ನಿಮ್ಮ ಲೈಸೆನ್ಸ್ ಹೋದ್ರೆ ಅವಳು ತಂದ್ಕೊಡ್ತಾಳಾ? ಒಂಬತ್ತು ವರ್ಷದ ರಿಪೋರ್ಟೆಲ್ಲ ಕೆದಕ್ತಾ ಕೂತ್ಕೋತಾರೆ. ಆಮೇಲೆ ಮಾಡಿದ್ದುಣ್ಣೋ ಮಹರಾಯ ಅಂತ ನಿಮ್ಮನ್ನ ಬಿಟ್ಟು ಎಲ್ರೂ ಮನೆಗೆ ಹೋಗ್ತಾರೆ."

ಅವಳಿಗೆ ಗೊತ್ತಿದ್ದಷ್ಟಕ್ಕೆ ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವನು ಅವಳಿಗೆ ಎಲ್ಲವನ್ನೂ ಹೇಳಿದ್ದ, ಒಂದು ಮಾತು ಬಿಟ್ಟು. ಆ ಒಂದು ಮಾತು ಬಿಟ್ಟರೆ ಉಳಿದ ಕಥೆಯಲ್ಲಿ ಅವನು ಎಷ್ಟು ಒಳ್ಳೆಯವನಾಗಿ ಕಾಣುತ್ತಾನೆ ಎಂಬುದು ಹೇಳುವಾಗಲೇ ಅವನಿಗೆ ತಿಳಿದಿತ್ತು, ಹೇಳಿ ಮುಗಿಸಿದ ಮೇಲೆ ಹೆಂಡತಿ ಅವನ ಬೆನ್ನು ಸವರಿದ್ದಳು ಬೇರೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿಯ ಮುಂದೆ ನಿಂತರೆ ಕಿವಿಯ ಮೇಲೆ ಕೂದಲಿನ ಬುಡ ಬೆಳ್ಳಗೆ ಕಂಡಿತು. ಆ ದಿನದ ಬಣ್ಣ ಇಳಿದು, ಮತ್ತೆ ಹಚ್ಚಿ, ಅದೂ ಇಳಿದು ಹತ್ತು ತಿಂಗಳಾಗಿತ್ತು.

ಆ ದಿನ ಸಂಜೆ ಕಾಲೇಜಿನ ಹಳೆಯ ಗೆಳೆಯರ ಕೂಟವಿತ್ತು. ಜೊತೆಗೆ ಓದಿದವರಲ್ಲಿ ಒಬ್ಬನ ಹೆಸರಿನಲ್ಲಿ ಒಂದು ಶಸ್ತ್ರಚಿಕಿತ್ಸೆಯೇ ಇತ್ತು, ಇನ್ನೊಬ್ಬ ಇವನು ಕೆಲಸ ಮಾಡುವ ಆಸ್ಪತ್ರೆಗೇ ನಿರ್ದೇಶಕನಾಗಿ ಬಂದು ಇವನ ರಜೆಯ ಅರ್ಜಿಗೆ ಮಂಜೂರಾತಿ ಕೊಡುತ್ತಿದ್ದ. ಇವನಿಗೆ ಉಳಿದದ್ದು ತಲೆತುಂಬ ಕೂದಲೊಂದೇ, ಅದಾದರೂ ಕಪ್ಪಗಿರಲಿ ಎಂದು ನಾಲ್ಕು ಗಂಟೆಗೇ ಲ್ಯಾಬಿನಿಂದ ಎದ್ದು ಕ್ಷೌರದಂಗಡಿಗೆ ಹೋದ. ಮೈಕ್ರೊಸ್ಕೋಪಿನ ಪಕ್ಕದಲ್ಲಿ ಕೊನೆಯ ಟ್ರೇ ಹಾಗೇ ಉಳಿದಿತ್ತು, ಇಪ್ಪತ್ತೊಂದರಿಂದ ಇಪ್ಪತ್ತಾರರವರೆಗೆ, ಆರು ಜನರ ಮೈಯಿಂದ ತೆಗೆದ ಆರು ಚೂರು, ಗಾಜಿನ ಮೇಲೆ ನೇರಳೆ ಬಣ್ಣದಲ್ಲಿ. ನಾಳೆ ಬೆಳಿಗ್ಗೆ ನೋಡಿದರಾಯಿತು ಎಂದುಕೊಂಡಿದ್ದ. ಆದರೆ ಐದು ಗಂಟೆಯೊಳಗೆ ಹೊರಡದ ರಿಪೋರ್ಟು ಆಡಳಿತದವರ ಪರದೆಯ ಮೇಲೆ ಕೆಂಪಾಗುತ್ತಿತ್ತು, ಆ ತಿಂಗಳು ಅವನ ಹೆಸರಿನ ಮುಂದೆ ಆಗಲೇ ನಾಲ್ಕು ಕೆಂಪು ಇದ್ದವು. ಐದಕ್ಕೆ ಹತ್ತು ನಿಮಿಷವಿರುವಾಗ ಟೈಪಮ್ಮನ ಫೋನು ಬಂತು. ತಲೆಗೆಲ್ಲ ಕರಿ ಮೆತ್ತಿಕೊಂಡು, ಕಿವಿಗೆ ಬಣ್ಣ ತಾಗಬಾರದೆಂದು ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಅವನು ಕುಳಿತಿದ್ದ; ಕ್ಷೌರಿಕನೇ ಫೋನನ್ನು ಅವನ ಬಾಯಿಯ ಹತ್ತಿರ ಗೇಣುದೂರದಲ್ಲಿ ಹಿಡಿದ. "ಸರ್, ಇಪ್ಪತ್ತೊಂದರಿಂದ ಆಚೆ ಟ್ರೇ ಮುಟ್ಟಿದ ಹಾಗೆ ಕಾಣ್ತಿಲ್ಲ. ನೋಡಿದೀರಾ ಸರ್? ಕಳಿಸಲಾ?" ಎಂದಳು ಅವಳು. ಅಂಗಡಿಯಲ್ಲಿ ಇನ್ನೂ ಮೂವರು ಕಾಯುತ್ತಿದ್ದರು, ಎಲ್ಲರಿಗೂ ಕೇಳುತ್ತಿತ್ತು. ಡಾಕ್ಟರು ಕೆಲಸ ಬಿಟ್ಟು ಇಲ್ಲಿ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಾನೆ ಎಂದು ಅವರಿಗೆ ಗೊತ್ತಾಗುವುದು ಬೇಡವಾಗಿತ್ತು. "ನೋಡಿದೀನಿ, ಕಳಿಸಮ್ಮ" ಎಂದ.

ಎರಡೇ ಪದ. ಅದನ್ನು ಅವನು ಆ ಹಿಂದೆಯೂ ಎಷ್ಟು ಸಲ ಹೇಳಿದ್ದನೋ, ಬಾಗಿಲ ಬಳಿ ಚೀಲ ಹೆಗಲಿಗೇರಿಸುತ್ತಾ, ಲಿಫ್ಟಿನೊಳಗಿಂದ, ಊಟದ ಕೈಯಲ್ಲಿ. ಬಹಳ ಸಲ ನಿಜವಾಗಿಯೂ ನೋಡಿರುತ್ತಿದ್ದ. ಟೋಕನ್ ಮೊದಲ ವಾರದಿಂದಲೇ ಟೈಪಮ್ಮನ ಮೇಜಿನ ಮೇಲಿನ ಮೊಳೆಗೆ ನೇತುಬಿದ್ದಿತ್ತು. ಗುಟ್ಟಿನ ಸಂಖ್ಯೆಯನ್ನು ಅವಳಿಗೆ ಹೇಳಿದ್ದೂ ಅವನೇ, ಒಂದೊಂದು ರಿಪೋರ್ಟಿಗೂ ಒತ್ತುವ ಕೆಲಸ ತನ್ನದಲ್ಲ ಎಂದು. ಇನ್ನೊಂದು ಪದ್ಧತಿಯೂ ಇತ್ತು, ಅದೂ ಅವನದೇ ಬುದ್ಧಿ: ಒಬ್ಬೊಬ್ಬ ರೋಗಿಯ ಹೆಸರು ತೆರೆದ ಕೂಡಲೇ ಕಂಪ್ಯೂಟರು ಸಿದ್ಧ ವಾಕ್ಯಗಳನ್ನು ತಾನೇ ತುಂಬಿಕೊಳ್ಳುತ್ತಿತ್ತು, 'ಕ್ಯಾನ್ಸರಿನ ಲಕ್ಷಣಗಳು ಕಂಡುಬಂದಿಲ್ಲ' ಎಂದು. ನೂರಕ್ಕೆ ತೊಂಬತ್ತು ಜನಕ್ಕೆ ಅದೇ ತಾನೆ? ಇದ್ದವರಿಗೆ ಮಾತ್ರ ಅವನು ಅಳಿಸಿ ಬೇರೆ ಬರೆಸುತ್ತಿದ್ದ. ಹೀಗಾಗಿ ಅವನು ನೋಡದೇ ಬಿಟ್ಟವರೆಲ್ಲ ತಾವಾಗಿಯೇ ಆರೋಗ್ಯವಂತರಾಗುತ್ತಿದ್ದರು. ಆ ದಿನ ನಾಲ್ಕು ಐವತ್ತೆರಡಕ್ಕೆ ಇಪ್ಪತ್ತೊಂದನೆಯವಳೂ ಆರೋಗ್ಯವಂತಳಾದಳು. ನಲವತ್ತೊಂದು ವಯಸ್ಸು, ದರ್ಜಿ ಕೆಲಸ, ಎಡ ಎದೆಯಲ್ಲಿ ಗಂಟು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವನು ಎಂದಿನ ಹಾಗೆ ರಿಪೋರ್ಟು ಕೊಡುವ ಕಿಟಕಿಯ ಕಡೆ ನೋಡದೆ ನಡೆದ. ಎರಡು ತಿಂಗಳ ಹಿಂದೆ ಆ ಕಿಟಕಿಯ ಮುಂದೆ ಆ ಇಪ್ಪತ್ತೊಂದನೆಯವಳು ನಿಂತಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು, ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು, ತೆಗೆಯಲು ಮರೆತಿರಬೇಕು. ಫೋನನ್ನು ಗಾಜಿಗೆ ಒತ್ತಿ ಹಿಡಿದು ಕೇಳಿದಳು, "ಇದು ನಿಮ್ಮ ಸಹಿನಾ ಡಾಕ್ಟ್ರೇ?" ಅವನು ಕನ್ನಡಕ ಸರಿಮಾಡಿಕೊಂಡು, ಹೌದಮ್ಮಾ, ಆದರೆ ಅದು ಕಂಪ್ಯೂಟರು ಹಾಕೋದು ಎಂದ. "ನನ್ನ ಗಂಟನ್ನ ಕಂಪ್ಯೂಟರ್ ನೋಡಿತ್ತಾ?" ಎಂದಳು. ದನಿ ಏರಿಸಲೂ ಇಲ್ಲ. "ನಿಮ್ಮ ಹೆಸರಿನ ಮುಂದೆ ಹಸಿರು ಗುರುತಿತ್ತು ಸ್ವಾಮಿ. ಅದನ್ನ ಒತ್ತಿ ನೋಡಿದ್ವಿ, ಸಹಿ ಸಾಚಾ ಅಂತ ಬಂತು. ಇನ್ನೊಂದು ಕಡೆ ತೋರ್ಸೋಣ ಅಂತಿದ್ದೆ, ನಮ್ಮಕ್ಕ ಬೈದ್ಲು. ಅಷ್ಟು ದೊಡ್ಡ ಡಾಕ್ಟ್ರು ಸಹಿ ಹಾಕಿದಾರೆ, ನಿಂದೊಂದು ಅನುಮಾನ ಅಂತ." ಆಮೇಲೆ ಅವನು ಉಗ್ರಾಣದಿಂದ ಆ ಸ್ಲೈಡು ತರಿಸಿ ನೋಡಿದ. ಕ್ಯಾನ್ಸರ್ ಎಂದು ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಹುದಾಗಿತ್ತು, ಕಣ್ಣು ಇಟ್ಟಿದ್ದರೆ ಸಾಕಿತ್ತು. ಎಂಟು ತಿಂಗಳಲ್ಲಿ ಅದು ಅವಳ ಬೆನ್ನುಮೂಳೆಗೆ ಇಳಿದಿತ್ತು. ಆ ಹೊತ್ತು ಅವನಿಗೆ ಅಳು ಬಂತು ನಿಜ, ಆದರೆ ಅಳುವಾಗಲೇ ತಲೆಯ ಇನ್ನೊಂದು ಮೂಲೆ, ಆ ಕ್ಷೌರಿಕನಿಗೆ ನನ್ನ ಹೆಸರು ಗೊತ್ತೇ ಎಂದು ಲೆಕ್ಕ ಹಾಕುತ್ತಿತ್ತು. ಥೂ, ಎಂಥ ಮನುಷ್ಯ ನಾನು ಎಂದುಕೊಂಡ. ಅಂದುಕೊಂಡದ್ದರಿಂದ ಸ್ವಲ್ಪ ಹಗುರವೂ ಆಯಿತು, ಅದು ಇನ್ನೂ ಅಸಹ್ಯ.

ಟೈಪಮ್ಮ ಆಗಲೇ ಬಂದು ಕುಳಿತಿದ್ದಳು. ಮೇಜಿನ ಮೇಲಿನ ಮೊಳೆ ಖಾಲಿಯಿತ್ತು. ಟೋಕನನ್ನು ವಿಚಾರಣೆಯವರು ಲಕೋಟೆಗೆ ಹಾಕಿ ಒಯ್ದಿದ್ದರು. ಅವನ ಕುರ್ಚಿಯ ಮೇಲೆ ದಿನದ ಪಟ್ಟಿ, ಒರೆಸಿಟ್ಟ ಕನ್ನಡಕದ ಬಟ್ಟೆ, ಮುಚ್ಚಿಟ್ಟ ನೀರಿನ ಲೋಟ. ಹದಿನಾರು ವರ್ಷದಿಂದ ಇವು ಇದ್ದೇ ಇರುತ್ತಿದ್ದವು, ಯಾರು ಇಡುತ್ತಾರೆ ಎಂದು ಅವನು ಯೋಚಿಸಿದ್ದೂ ಇರಲಿಲ್ಲ.

"ಸರ್, ಮೊದಲು ನನ್ನ ಕರೀತಾರಂತೆ. ನಾನೇನು ಹೇಳ್ಲಿ?"

"ಇದ್ದದ್ದನ್ನ ಇದ್ದ ಹಾಗೆ ಹೇಳು."

"ಇದ್ದ ಹಾಗೆ ಹೇಳಿದ್ರೆ ಫೋನಿನ ವಿಷಯಾನೂ ಬರುತ್ತಲ್ಲ ಸರ್." ಅವಳು ಅವನ ಮುಖ ನೋಡದೆ ಕೀಬೋರ್ಡಿನ ಧೂಳು ಒರೆಸಿದಳು. "ನನ್ನ ಬಾಯಿಂದ ಬಂದ್ರೆ ಚಾಡಿ ಹೇಳಿದ ಹಾಗಾಗುತ್ತೆ. ನೀವೇ ಹೇಳಿದ್ರೆ ಚೆಂದ. ಕೆಲಸ ಜಾಸ್ತಿ ಇತ್ತು, ಐದು ಗಂಟೆ ಗಡುವು ಇತ್ತು, ನಾನೇ ಕಳಿಸು ಅಂದೆ ಅಂತ ನೀವು ಒಂದು ಮಾತು ಅಂದ್ರೆ ನನ್ನ ಕೆಲಸ ಉಳಿಯುತ್ತೆ ಸರ್. ನಿಮ್ಮನ್ನಂತೂ ಅವರು ಪೂರ್ತಿ ಬಿಟ್ಟುಕೊಡಲ್ಲ. ನನ್ನಂಥೋಳ ಮೇಲೆ ಒಂದು ಸಲ ಕಪ್ಪು ಚುಕ್ಕೆ ಬಿದ್ರೆ ಇನ್ನು ಯಾವ ಆಸ್ಪತ್ರೆ ಬಾಗಿಲೂ ತೆಗೆಯಲ್ಲ."

"ಹೇಳ್ತೀನಿ ಬಿಡಮ್ಮ. ನಾನು ಹೇಳಲ್ವಾ?" ಎಂದ. ಹೇಳುವಾಗ ಅವನಿಗೆ ಅದು ನಿಜವೇ ಆಗಿತ್ತು. ಎದೆ ತುಂಬಿ ಬಂದು, ಅವಳ ಹೆಗಲು ತಟ್ಟಬೇಕು ಅನ್ನಿಸಿ, ತಟ್ಟದೆ, ಕನ್ನಡಕದ ಬಟ್ಟೆಯನ್ನು ಮಡಿಸಿಟ್ಟ.

ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಅವನು ಹೇಳಬೇಕಾದದ್ದನ್ನು ಜೋಡಿಸಿಕೊಂಡ. ನಾನು ನೋಡಿರಲಿಲ್ಲ, ನೋಡಿದ್ದೇನೆ ಎಂದೆ. ಇಷ್ಟೇ. ಎದುರಿನ ಗೋಡೆಯ ಮೇಲೆ ಕೈ ತೊಳೆಯುವ ಏಳು ವಿಧಾನಗಳ ಚಿತ್ರವಿತ್ತು. ಮೂರನೆಯ ವಿಧಾನಕ್ಕೆ ಬರುವಷ್ಟರಲ್ಲಿ ಮಾತು ಉದ್ದವಾಗತೊಡಗಿತ್ತು: ನಾನು ನೋಡಿರಲಿಲ್ಲ, ಆದರೆ ಅವಳು ಸರಿಯಾಗಿ ಕೇಳಲಿಲ್ಲ, ಅವಳು ಕೇಳಿದಳು, ಆದರೆ ಸದ್ದಿತ್ತು, ಯಾವ ಟ್ರೇ ಎಂದು ನನಗೆ ತಿಳಿಯಲಿಲ್ಲ. ಬಾಗಿಲು ತೆರೆದು ಟೈಪಮ್ಮ ಹೊರಬಂದಳು. ಅವಳು ಒಳಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ. ಬೆಂಚಿನ ಇನ್ನೊಂದು ತುದಿಗೆ ಕುಳಿತು, ಗೋಡೆಯ ಕಡೆಗೇ ನೋಡುತ್ತಾ ಮೆಲ್ಲಗೆ, "ಒತ್ತಿದ್ದು ನಾನೇ ಅಂದೆ. ಫೋನಿನ ವಿಷಯ ಎತ್ತಲಿಲ್ಲ ಸರ್, ನಿಮಗೇ ಬಿಟ್ಟಿದೀನಿ" ಎಂದಳು.

ಒಳಗೆ ಉದ್ದನೆಯ ಗಾಜಿನ ಮೇಜು. ಅದರಾಚೆ ನಿರ್ದೇಶಕ, ಪಕ್ಕದಲ್ಲಿ ಆಸ್ಪತ್ರೆಯ ವಕೀಲ, ತುದಿಯಲ್ಲಿ ಹೇಳಿಕೆ ಟೈಪು ಮಾಡಲು ನಿರ್ದೇಶಕನ ಸೆಕ್ರೆಟರಿ. ಗಾಜಿನ ಕೆಳಗೆ ಎಲ್ಲರ ಪಾದಗಳೂ ಕಾಣುತ್ತಿದ್ದವು. ನಿರ್ದೇಶಕ ಬೂಟು ಕಳಚಿ ಕಾಲುಚೀಲದ ಬೆರಳುಗಳನ್ನು ಆಡಿಸುತ್ತಿದ್ದ. ಕೂಟಗಳಲ್ಲಿ 'ಏನಯ್ಯಾ' ಅನ್ನುವವನು ಇಲ್ಲಿ "ಕೂತ್ಕೊಳ್ಳಿ ಡಾಕ್ಟ್ರೇ" ಎಂದ. ವಕೀಲ ಪರದೆ ತಿರುಗಿಸಿ ರಿಪೋರ್ಟು ತೋರಿಸಿದ. ಅವನ ಹೆಸರು, ನೋಂದಣಿ ಸಂಖ್ಯೆ, ತಾರೀಕು, ನಾಲ್ಕು ಐವತ್ತೆರಡು, ಪಕ್ಕದಲ್ಲಿ ಹಸಿರು ಗುರುತು.

"ತಾಂತ್ರಿಕವಾಗಿ ಸಹಿ ನಿಮ್ಮದೇ. ನಾಲ್ಕು ಐವತ್ತೆರಡಕ್ಕೆ ನೀವು ಎಲ್ಲಿದ್ರಿ?"

"ಹೊರಗೆ."

"ಹೊರಗೆ ಅಂದ್ರೆ?"

"ಕ್ಷೌರದಂಗಡೀಲಿ."

ನಿರ್ದೇಶಕ ಗಹಗಹಿಸಿ ನಕ್ಕ. "ಅಯ್ಯೋ, ಕೂಟದ ದಿನವಾ! ನಾನೇ ಕೇಳಿದ್ದೆನಲ್ಲಯ್ಯ, ಏನು ಮದುಮಗನ ಥರ ಮಿಂಚ್ತಾ ಇದೀಯ ಅಂತ!" ವಕೀಲ ನಕ್ಕ, ಸೆಕ್ರೆಟರಿ ಕೀಬೋರ್ಡಿಗೆ ತಲೆ ತಗ್ಗಿಸಿ ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ಕಿವಿಯ ಮೇಲಿನ ಬಿಳಿ ಬುಡಕ್ಕೆ ಹೋಯಿತು. ನಗು ನಿಲ್ಲಲಿ, ನಿಂತ ಮೇಲೆ ಹೇಳುತ್ತೇನೆ ಎಂದು ಕಾದ. ಆದರೆ ಆ ನಗೆಯ ಹಿಂದೆಯೇ, ತಲೆಗೆ ಕರಿ ಮೆತ್ತಿಕೊಂಡು ಪ್ಲಾಸ್ಟಿಕ್ ಟೋಪಿಯಲ್ಲಿ ಕುಳಿತು ಒಬ್ಬ ಹೆಂಗಸಿನ ಎದೆಯ ಮೇಲೆ ತೀರ್ಪು ಕೊಟ್ಟೆ ಎಂದು ಹೇಗೆ ಹೇಳುವುದು? ಕೊಲೆಗಾರ ಎಂದರೆ ತಡೆದುಕೊಂಡೇನು, ಕೋಡಂಗಿ ಎಂದರೆ ತಡೆದುಕೊಳ್ಳಲಾರೆ ಅನ್ನಿಸಿತು. ಇದು ಅವನಿಗೆ ಆ ಕ್ಷಣದಲ್ಲೇ ಸ್ಪಷ್ಟವಾಗಿ ಗೊತ್ತಿತ್ತು, ಗೊತ್ತಿಲ್ಲದೆ ಮಾಡಿದೆ ಎಂದು ಆಮೇಲೆ ಹೇಳಿಕೊಳ್ಳಲೂ ಬರುವಂತಿರಲಿಲ್ಲ.

"ಆ ಹೊತ್ತಿಗೆ ಆಕೆಯಿಂದ ನಿಮಗೊಂದು ಫೋನ್ ಹೋಗಿದೆ," ಎಂದ ವಕೀಲ. "ಯಾತಕ್ಕೆ?"

"ಮಾರನೇ ದಿನ ರಜೆ ಕೇಳೋಕೆ."

ಎಷ್ಟು ಸಲೀಸಾಗಿ ಬಂತು! ಹದಿನಾರು ವರ್ಷದಲ್ಲಿ ಅವಳು ಫೋನು ಮಾಡಿ ರಜೆ ಕೇಳಿದ್ದು ಒಂದೇ ಸಲ, ತಾಯಿ ತೀರಿಕೊಂಡಾಗ, ಅದೂ ಅರ್ಧ ದಿನ. ಒಂದು ಸುಳ್ಳು ಹೊರಟ ಮೇಲೆ ಉಳಿದವು ಕುರಿಮಂದೆಯ ಹಾಗೆ ತಾವಾಗಿ ಬಂದವು. ಟೋಕನ್ ಎಲ್ಲಿಡುತ್ತಿದ್ದಿರಿ? ನನ್ನ ಡ್ರಾಯರಿನಲ್ಲಿ. ಸಂಖ್ಯೆ ಆಕೆಗೆ ಹೇಗೆ ತಿಳಿಯಿತು? ನಾನು ಒತ್ತುವಾಗ ನೋಡಿಕೊಂಡಿರಬೇಕು. ಆಕೆ ನಿಮ್ಮ ಅನುಮತಿಯಿಲ್ಲದೆ ಬಳಸಿದಳು ಅಂತ ಬರೆದುಕೊಳ್ಳಲೇ? ಹೂಂ. ವಕೀಲನ ಮುಖ ಸಡಿಲವಾಯಿತು. ಅವನಿಗೆ ಬೇಕಾಗಿದ್ದದ್ದೂ ಇದೇ. ಡಾಕ್ಟರು ತಪ್ಪು ಮಾಡಿದರೆ ಆಸ್ಪತ್ರೆಯ ತಪ್ಪು, ಟೈಪಮ್ಮ ಮಾಡಿದರೆ ಟೈಪಮ್ಮನದು. ನಿರ್ದೇಶಕ ಬೂಟಿಗೆ ಕಾಲು ತೂರಿಸುತ್ತಾ, "ನಂಬಿಕಸ್ತರೇ ಹೀಗೆ ಮಾಡಿಬಿಡ್ತಾರೆ ನೋಡಿ" ಎಂದು ನಿಟ್ಟುಸಿರು ಬಿಟ್ಟ.

ಹೇಳಿಕೆಯೂ ಕಾಗದದಲ್ಲಿರಲಿಲ್ಲ. ಕೇಂದ್ರ ಕಚೇರಿಗೆ ಎಲೆಕ್ಟ್ರಾನಿಕ್ ಆಗಿಯೇ ಹೋಗಬೇಕು, ಡಿಜಿಟಲ್ ಸಹಿಯೊಂದಿಗೆ. ಮೊದಲು ನಿರ್ದೇಶಕನ ಸಹಿ. ಅವನು ಸೆಕ್ರೆಟರಿಯ ಕಡೆ ಗಲ್ಲ ಎತ್ತಿದ. ಅವಳು ತನ್ನ ಬೀಗದ ಕೈಗೊಂಚಲಿನಿಂದ ಅವನ ಟೋಕನ್ ಬಿಡಿಸಿ, ಚುಚ್ಚಿ, ಪುಟಗಳನ್ನು ಸರಸರನೆ ಸರಿಸಿ, ಸಂಖ್ಯೆ ಒತ್ತಿ, ಮತ್ತೆ ಗೊಂಚಲಿಗೆ ಪೋಣಿಸಿಕೊಂಡಳು. ವಕೀಲ ಆ ಹೊತ್ತಿಗೆ ಸರಿಯಾಗಿ ಕಿಟಕಿಯ ಹೊರಗೆ ನೋಡಿದ. ಆಮೇಲೆ ಲಕೋಟೆ ಹರಿದು ಇವನ ಟೋಕನನ್ನು ಮುಂದಿಟ್ಟರು. ಮುಚ್ಚಳದ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಟೈಪಮ್ಮನ ಗುಂಡು ಅಕ್ಷರದಲ್ಲಿ 'ಸರ್' ಎಂದಿತ್ತು.

ಅವನು ಚುಚ್ಚಿದ. ಆರು ಖಾಲಿ ಚೌಕಗಳು ಬಂದವು. ತನ್ನ ಹುಟ್ಟಿದ ದಿನ ಒತ್ತಿದ, ತಪ್ಪು ಎಂದಿತು. ಆಗ ನೆನಪಾಯಿತು, ಮರೆಯಬಾರದೆಂದು ಮಗಳು ಹುಟ್ಟಿದ ದಿನ ಇಟ್ಟಿದ್ದೆ ಎಂದು. ಒತ್ತಿದ. ತಪ್ಪು, ಇನ್ನೊಂದೇ ಅವಕಾಶ ಉಳಿದಿದೆ, ಆಮೇಲೆ ಬೀಗ ಬೀಳುತ್ತದೆ ಎಂದಿತು. ಮಗಳು ಹುಟ್ಟಿದ ದಿನವೇ ತಪ್ಪೋ, ಇಟ್ಟದ್ದು ಅದಲ್ಲವೋ ಅವನಿಗೆ ತಿಳಿಯಲಿಲ್ಲ. ನಾನು ಒತ್ತುವಾಗ ನೋಡಿಕೊಂಡಿರಬೇಕು ಎಂದು ಐದು ನಿಮಿಷದ ಹಿಂದೆ ಹೇಳಿದ್ದ ಮಾತು ಪರದೆಯ ಮೇಲೆ ಕಪ್ಪು ಅಕ್ಷರದಲ್ಲಿ ನಿಂತಿತ್ತು. ಮೂವರೂ ಅದನ್ನು ನೋಡಿದರು, ಅವನನ್ನು ನೋಡಿದರು.

"ಆಕೆ ಹೊರಗೇ ಇದಾಳಲ್ಲ," ಎಂದ ನಿರ್ದೇಶಕ, ಗಡಿಯಾರ ನೋಡಿ. "ಕರೀರಿ. ಊಟದ ಹೊತ್ತಾಯ್ತು."

ಟೈಪಮ್ಮ ಬಂದಳು. ಅವನು ಕುರ್ಚಿ ಬಿಟ್ಟು ಎದ್ದ, ಅವಳು ಕುಳಿತಳು, ಲ್ಯಾಬಿನಲ್ಲಿ ದಿನವೂ ಆಗುವ ಹಾಗೆ. ಈ ದೂರು ಬಂದ ಮೇಲೆ ಆಸ್ಪತ್ರೆಯವರು ಒಂದು ಹೊಸ ನಿಯಮ ಸೇರಿಸಿದ್ದರು: ಪುಟಗಳನ್ನು ಕೊನೆಯವರೆಗೆ ಸರಿಸಿ ಓದದೆ ಸಹಿಯ ಗುಂಡಿ ಬೆಳಗುವುದಿಲ್ಲ. ಅವಳು ಸರಿಸುತ್ತಾ ಹೋದಳು. ಅವನು ಅವಳ ಹಿಂದೆ ನಿಂತಿದ್ದ, ಮುಖ ಕಾಣಲಿಲ್ಲ, ಬೈತಲೆ ಕಂಡಿತು, ಅದೂ ಬೆಳ್ಳಗಾಗಿತ್ತು, ಅವಳು ಬಣ್ಣ ಹಚ್ಚಿರಲಿಲ್ಲ. ಎರಡನೆಯ ಪುಟದಲ್ಲಿ, ರಜೆಯ ಮಾತಿದ್ದ ಕಡೆ, ಅವಳ ಬೆರಳು ನಿಂತಿತು. ಓದು, ಓದಿ ತಿರುಗಿ ನನ್ನ ಮುಖಕ್ಕೆ ಉಗಿ, ಎಲ್ಲವನ್ನೂ ಹೇಳು ಎಂದು ಅವನು ನಿಜವಾಗಿಯೂ ಬೇಡಿಕೊಂಡ, ಅವಳು ಹೇಳಿದರೆ ತಾನು ಅಲ್ಲಗಳೆಯುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡ. ಇಲ್ಲೂ ಹೇಳುವ ಕೆಲಸ ಅವಳದೇ.

ಬೆರಳು ಮತ್ತೆ ಸರಿಯಿತು. ಕೊನೆಯ ಪುಟ ಬಂತು.

"ನಿಮ್ಮ ನೋಂದಣಿ ಸಂಖ್ಯೆ ತಪ್ಪಾಗಿದೆ ಸರ್, ಕೊನೇದು ಏಳು ಆಗ್ಬೇಕು," ಎಂದಳು. ಸೆಕ್ರೆಟರಿ ಬಗ್ಗಿ ತಿದ್ದಿದಳು. ಟೈಪಮ್ಮ ಕೀಬೋರ್ಡು ನೋಡದೆ ಆರಂಕಿ ಒತ್ತಿದಳು. ಚೌಕಗಳಲ್ಲಿ ಆರು ಚುಕ್ಕೆ ಮೂಡಿದವು. ಗುಂಡಿ ಬೆಳಗಿತು. ಅದರ ಮೇಲೆ ಬೆರಳಿಟ್ಟು ಅವಳು ಕಾದಳು, ಆಮೇಲೆ ಹದಿನಾರು ವರ್ಷದ ಅದೇ ದನಿಯಲ್ಲಿ, ತಿರುಗದೆ, ಕೇಳಿದಳು.

"ನೋಡಿದೀರಾ ಸರ್? ಕಳಿಸಲಾ?"

ವಕೀಲ ಫೈಲು ಮುಚ್ಚಿಯಾಗಿತ್ತು. ನಿರ್ದೇಶಕ ಎದ್ದು ನಿಂತಿದ್ದ. ಆ ಮಾತಿಗೆ ಇವನ ನಾಲಿಗೆಯ ಹಂಗೇ ಇರಲಿಲ್ಲ.

"ನೋಡಿದೀನಿ, ಕಳಿಸಮ್ಮ," ಎಂದ.

ಅವನ ಹೆಸರಿನ ಮುಂದೆ ಹಸಿರು ಗುರುತು ಬಂತು. ಅವಳು ಟೋಕನ್ ಕಿತ್ತು, ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಮುಚ್ಚಳ ಹಾಕಿ ಅವನ ಅಂಗೈಯಲ್ಲಿಟ್ಟಳು. "ಮುಚ್ಚಳ ಸಡಿಲ ಇದೆ ಸರ್, ಬೀಳಿಸ್ಕೋಬೇಡಿ," ಎಂದು ಎದ್ದು ಹೋದಳು.